ತಾನಾಗಿ ನಿಲ್ಲುವ ಬಂಡಿ

ಓಡಿಸುವುದನ್ನು ಕಂಡುಹಿಡಿದವರಿಗೆ ಸಿಕ್ಕ ಹೆಸರು ನಿಲ್ಲಿಸುವುದನ್ನು ಕಂಡುಹಿಡಿದವರಿಗೆ ಸಿಗಲಿಲ್ಲ. ಉಗಿಯಂತ್ರ ಎಂದರೆ ಜೇಮ್ಸ್ ವಾಟ್, ರೈಲು ಎಂದರೆ ಸ್ಟೀಫನ್‌ಸನ್ ಎಂದು ಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ. ಆ ರೈಲನ್ನು ನಿಲ್ಲಿಸುವ ಬ್ರೇಕು ಯಾರದು ಎಂದು ಕೇಳಿದರೆ ಮೇಷ್ಟರೂ ಒಂದು ಗಳಿಗೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಮನುಷ್ಯನಿಗೆ ವೇಗದ ಮೇಲಿರುವ ಮೋಹವೇ ಅಂಥದು. ಆದರೆ ನಿಲ್ಲಿಸಲು ಬಾರದವನು ಓಡಿಸಿ ಪ್ರಯೋಜನವಿಲ್ಲವೆಂಬುದು ಎತ್ತಿನ ಗಾಡಿಯನ್ನು ಇಳಿಜಾರಿನಲ್ಲಿ ಇಳಿಸಿದ ಯಾವ ರೈತನಿಗೂ ಗೊತ್ತಿರುವ ಸಂಗತಿ.

ಈಚಿನ ವರ್ಷಗಳಲ್ಲಿ ಕಾರು ಮಾರುವವರು ಒಂದು ಮಾತನ್ನು ಬಹಳ ಉತ್ಸಾಹದಿಂದ ಹೇಳುತ್ತಾರೆ. ಎದುರಿಗೆ ಏನಾದರೂ ಅಡ್ಡ ಬಂದು, ಡ್ರೈವರು ನೋಡದೆ ಇದ್ದರೆ, ಕಾರು ತಾನೇ ಬ್ರೇಕು ಹಾಕಿಕೊಳ್ಳುತ್ತದಂತೆ. ಆಟೋಮ್ಯಾಟಿಕ್ ಎಮರ್ಜೆನ್ಸಿ ಬ್ರೇಕಿಂಗ್ ಎಂದು ಅದರ ಹೆಸರು; ಚುಟುಕಾಗಿ ಎ.ಇ.ಬಿ. ಎನ್ನುತ್ತಾರೆ. ಇದನ್ನು ನಂಬಬಹುದೇ ಎಂದು ಬಂಧುಗಳೂ ಸ್ನೇಹಿತರೂ ನನ್ನನ್ನು ಕೇಳಿದ್ದುಂಟು. ನಾನು ಎಂಜಿನಿಯರನಲ್ಲ, ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದವನು. ಯಾವ ಪ್ರಶ್ನೆ ಬಂದರೂ ಇದನ್ನು ಮೊದಲು ಯಾರು ಕೇಳಿದರು ಎಂದು ಹಿಂದಕ್ಕೆ ಹೋಗಿ ನೋಡುವುದು ನಮ್ಮ ಕಸುಬಿನವರ ಚಾಳಿ. ಹಾಗೆ ನೋಡಿದಾಗ, ತಾನಾಗಿ ಬೀಳುವ ಬ್ರೇಕನ್ನು ನಂಬಬಹುದೇ ಎಂಬ ಪ್ರಶ್ನೆಗೆ ನೂರೈವತ್ತು ವರ್ಷ ವಯಸ್ಸಾಗಿದೆಯೆಂದು ತಿಳಿಯಿತು. ಅದು ಹುಟ್ಟಿದ್ದು ರಸ್ತೆಯ ಮೇಲಲ್ಲ, ರೈಲು ಕಂಬಿಯ ಮೇಲೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಕಾಲ ರೈಲನ್ನು ನಿಲ್ಲಿಸುವುದು ತೋಳುಬಲದ ಕೆಲಸವಾಗಿತ್ತು. ಅಮೆರಿಕದಲ್ಲಿ ಡ್ರೈವರು ಸಿಳ್ಳೆ ಹಾಕಿದನೆಂದರೆ ಬ್ರೇಕಿನ ಆಳುಗಳು ಗೂಡ್ಸ್ ಡಬ್ಬಿಗಳ ನೆತ್ತಿಯ ಮೇಲೆ ಓಡುತ್ತ, ಒಂದರಿಂದ ಒಂದಕ್ಕೆ ಹಾರುತ್ತ, ಒಂದೊಂದರ ಕೈಚಕ್ರವನ್ನೂ ತಿರುವಿ ಬ್ರೇಕು ಬಿಗಿಯಬೇಕಾಗಿತ್ತು. ಮಳೆ, ಮಂಜು, ಕತ್ತಲೆ ಯಾವುದಕ್ಕೂ ರಿಯಾಯಿತಿ ಇರಲಿಲ್ಲ. ಕಾಲು ಜಾರಿ ಸತ್ತವರಿಗೆ ಲೆಕ್ಕವಿಲ್ಲ. 1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬ ಇಪ್ಪತ್ತೆರಡರ ತರುಣ ಗಾಳಿಯ ಬ್ರೇಕಿಗೆ ಪೇಟೆಂಟು ಪಡೆದ. ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿ ತುಂಬಿಡುವುದು. ಬೇಕಾದಾಗ ಅದನ್ನು ಕೊಳವೆಯ ಮೂಲಕ ಎಲ್ಲ ಬೋಗಿಗಳಿಗೂ ಹರಿಸಿದರೆ ಆ ಒತ್ತಡಕ್ಕೆ ಎಲ್ಲ ಚಕ್ರಗಳ ಬ್ರೇಕೂ ಒಟ್ಟಿಗೆ ಬೀಳುತ್ತದೆ. ಪಿಟ್ಸ್‌ಬರ್ಗ್ ಬಳಿ ನಡೆದ ಮೊದಲ ಪರೀಕ್ಷಾ ಓಟದಲ್ಲೇ ಕಂಬಿ ದಾಟುತ್ತಿದ್ದ ಗಾಡಿಯವನೊಬ್ಬ ಅಡ್ಡ ಬಿದ್ದನೆಂದೂ, ರೈಲು ಅವನಿಂದ ಕೆಲವೇ ಅಡಿ ಈಚೆಗೆ ನಿಂತಿತೆಂದೂ ಅವನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಈ ಪ್ರಸಂಗವನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಆ ಬ್ರೇಕು ಮೊದಲು ಉಳಿಸಿದ್ದು ರೈಲಿನೊಳಗೆ ಕುಳಿತವರನ್ನಲ್ಲ, ಹೊರಗಿದ್ದವನನ್ನು.

ಆದರೆ ಈ ಮೊದಲ ಬ್ರೇಕಿನಲ್ಲಿ ಒಂದು ಐಬಿತ್ತು. ಕೊಳವೆ ಎಲ್ಲಾದರೂ ಒಡೆದರೆ ಗಾಳಿ ಸೋರಿಹೋಗಿ ಬ್ರೇಕೇ ಬೀಳುತ್ತಿರಲಿಲ್ಲ. ಬೋಗಿಗಳ ಕೊಂಡಿ ಕಳಚಿ ರೈಲು ಎರಡಾದರೆ, ಬ್ರೇಕು ಎಲ್ಲಕ್ಕಿಂತ ಹೆಚ್ಚು ಬೇಕಾದ ಗಳಿಗೆಯಲ್ಲಿ ಕೈಕೊಡುತ್ತಿತ್ತು. 1872ರಲ್ಲಿ ವೆಸ್ಟಿಂಗ್‌ಹೌಸ್ ಇಡೀ ಲೆಕ್ಕವನ್ನು ತಲೆಕೆಳಗು ಮಾಡಿದ. ಪ್ರತಿ ಬೋಗಿಯಲ್ಲೂ ಒಂದು ಗಾಳಿಯ ಡಬ್ಬಿಯನ್ನೂ ಒಂದು ಜಾಣ ಕವಾಟವನ್ನೂ ಇಟ್ಟ. ಈಗ ಕೊಳವೆಯಲ್ಲಿ ಒತ್ತಡ ಇರುವಷ್ಟು ಹೊತ್ತು ಬ್ರೇಕು ಬಿಟ್ಟಿರುತ್ತದೆ. ಒತ್ತಡ ಇಳಿದರೆ ಬೀಳುತ್ತದೆ. ಕೊಳವೆ ಒಡೆಯಲಿ, ಕೊಂಡಿ ಕಳಚಲಿ, ರೈಲಿನ ಎರಡು ತುಂಡೂ ತಾವಾಗಿ ನಿಲ್ಲುತ್ತವೆ. ಕೆಟ್ಟರೂ ಒಳ್ಳೆಯ ಕಡೆಗೇ ಕೆಡುವ ಯಂತ್ರ ಅದು. ಯಾವ ಸಾಧನವೂ ಎಂದೂ ಕೆಡದೆ ಇರುವುದಿಲ್ಲ. ಕೆಟ್ಟಾಗ ಅದು ಯಾವ ಮಗ್ಗುಲಿಗೆ ಬೀಳುತ್ತದೆ ಎಂಬುದರ ಮೇಲೆ ಅದರ ನಂಬಿಕೆ ನಿಂತಿದೆ. ಇದಕ್ಕಿಂತ ದೊಡ್ಡ ಮಾತನ್ನು ಬ್ರೇಕಿನ ಇತಿಹಾಸದಲ್ಲಿ ಮತ್ತಾರೂ ಹೇಳಿದಂತೆ ಕಾಣೆ.

ಇಷ್ಟು ಒಳ್ಳೆಯ ಯುಕ್ತಿ ಗೊತ್ತಾದ ಮೇಲೂ ಎಲ್ಲರೂ ಅದನ್ನು ಕೂಡಲೇ ಹಾಕಿಸಿಕೊಳ್ಳಲಿಲ್ಲ. ಬ್ರಿಟನ್ನಿನ ಅಧಿಕಾರಿಗಳು ತಾನಾಗಿ ಬೀಳುವ ಬ್ರೇಕು ಇರಲಿ ಎಂದು ವರ್ಷಗಟ್ಟಲೆ ಶಿಫಾರಸು ಮಾಡುತ್ತ ಬಂದರು; ಕಡ್ಡಾಯ ಮಾಡುವ ಅಧಿಕಾರ ಅವರಿಗಿರಲಿಲ್ಲ. 1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾ ಎಂಬ ಊರಿನಿಂದ ಭಾನುವಾರದ ಶಾಲೆಯ ಮಕ್ಕಳು, ಅವರ ತಂದೆತಾಯಿಗಳು ಸಮುದ್ರದ ದಡಕ್ಕೆ ವಿಹಾರ ಹೊರಟರು. ಹದಿನೈದು ಬೋಗಿಗಳ ಭಾರಿ ರೈಲು ಏರಿನಲ್ಲಿ ಏರಲಾರದೆ ನಿಂತಿತು. ಅರ್ಧ ರೈಲನ್ನು ಮೊದಲು ಕೊಂಡೊಯ್ದು, ಆಮೇಲೆ ಉಳಿದದ್ದನ್ನು ಎಳೆದರಾಯಿತೆಂದು ಕೊಂಡಿ ಬಿಚ್ಚಿದರು. ಆ ರೈಲಿಗಿದ್ದದ್ದು ಕೊಳವೆ ಬಿಚ್ಚಿದರೆ ಸಡಿಲವಾಗುವ ಹಳೆಯ ನಮೂನೆಯ ಬ್ರೇಕು. ಹಿಂದಿನ ಹತ್ತು ಬೋಗಿಗಳನ್ನು ಗಾರ್ಡಿನ ಕೈಬ್ರೇಕೊಂದು, ಚಕ್ರಕ್ಕೆ ಕೊಟ್ಟ ಕಲ್ಲುಗಳು ಹಿಡಿದಿಟ್ಟಿದ್ದವು. ಎಂಜಿನ್ನು ಹೊರಡುವಾಗ ತುಸು ಹಿಂದಕ್ಕೆ ಸರಿದು ತಾಗಿತು, ಕಲ್ಲು ಪುಡಿಯಾಯಿತು, ಮಕ್ಕಳು ತುಂಬಿದ್ದ ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಓಡಿ, ಹಿಂದಿನಿಂದ ಬರುತ್ತಿದ್ದ ಇನ್ನೊಂದು ರೈಲಿಗೆ ಅಪ್ಪಳಿಸಿದವು. ಸುಮಾರು 80 ಮಂದಿ ಸತ್ತರು. ಮೂರು ತಿಂಗಳು ಕಳೆಯುವುದರೊಳಗೆ ಬ್ರಿಟಿಷ್ ಪಾರ್ಲಿಮೆಂಟು ಕಾನೂನು ಮಾಡಿ, ಪ್ರಯಾಣಿಕರ ರೈಲುಗಳಿಗೆಲ್ಲ ತಾನಾಗಿ ಬೀಳುವ ಬ್ರೇಕು ಕಡ್ಡಾಯವೆಂದಿತು. ಯುಕ್ತಿ ಗೊತ್ತಾಗಿ ಆಗಲೇ ಹದಿನೇಳು ವರ್ಷವಾಗಿತ್ತು.

ನಾನು ಬೆಳೆದದ್ದು ಬೀರೂರಿನಲ್ಲಿ. ಅದು ಜಂಕ್ಷನ್ ಊರು. ಶಿವಮೊಗ್ಗದ ಕಡೆಗೆ ಅಲ್ಲಿಂದ ದಾರಿ ಕವಲೊಡೆಯುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ರೈಲ್ವೆ ಗಾರ್ಡೊಬ್ಬರಿದ್ದರು. ಬೋಗಿಗಳ ನಡುವೆ ಜೋತುಬಿದ್ದ ದಪ್ಪ ರಬ್ಬರು ಕೊಳವೆಗಳನ್ನು ತೋರಿಸಿ ಒಮ್ಮೆ ಅವರು ಹೇಳಿದ್ದರು: "ಇದರೊಳಗೆ ಏನೂ ಇಲ್ಲ ಮಗು, ಗಾಳೀನೂ ಇಲ್ಲ. ಗಾಳಿ ಹೊಕ್ಕಿತೋ, ಬ್ರೇಕು ಬಿತ್ತು ಅಂತ ತಿಳ್ಕೊ." ನಮ್ಮ ರೈಲುಗಳಲ್ಲಿ ಆಗ ಇದ್ದದ್ದು ನಿರ್ವಾತದ ಬ್ರೇಕು. ವೆಸ್ಟಿಂಗ್‌ಹೌಸನದು ಗಾಳಿಯ ಒತ್ತಡ, ಇದು ಗಾಳಿಯ ಅಭಾವ. ಮಿಕ್ಕಂತೆ ನೀತಿ ಒಂದೇ. ಬೋಗಿಯೊಳಗಿನ ಸರಪಳಿ ಎಳೆದರೆ ಆ ಕೊಳವೆಗೆ ಒಂದು ಕಿಂಡಿ ತೆರೆದು ಗಾಳಿ ನುಗ್ಗುತ್ತಿತ್ತು. ಡ್ರೈವರಿಗೆ ಮುಳ್ಳು ಇಳಿದದ್ದು ಕಂಡು ಅವನೂ ಬ್ರೇಕು ಹಾಕುತ್ತಿದ್ದ.

ಈ ಸರಪಳಿಯ ಇನ್ನೊಂದು ಮುಖವನ್ನು ನಮ್ಮ ಊರಿನವರೆಲ್ಲ ಕಂಡಿದ್ದರು. ಸ್ಟೇಷನ್ನಿನಿಂದ ಮನೆಗೆ ನಡೆಯುವುದು ದೂರವೆಂದು, ಮನೆ ಹತ್ತಿರ ಬಂದಾಗ ಸರಪಳಿ ಎಳೆದು ಇಳಿದು ಹೋಗುವ ಪುಣ್ಯಾತ್ಮರಿದ್ದರು. ಗಾರ್ಡು ಕಂದೀಲು ಹಿಡಿದು, ಯಾವ ಬೋಗಿಯ ತುದಿಯಲ್ಲಿ ಗುರುತಿನ ಬಿಲ್ಲೆ ತಿರುಗಿದೆ ಎಂದು ಹುಡುಕಿಕೊಂಡು ಬರುವಷ್ಟರಲ್ಲಿ ಎಳೆದವನು ಊಟಕ್ಕೆ ಕುಳಿತಿರುತ್ತಿದ್ದ. ಅದಕ್ಕೇ ಸರಪಳಿಯ ಪಕ್ಕದಲ್ಲಿ ದಂಡದ ಎಚ್ಚರಿಕೆ ಬರೆದಿರುವುದು. 1989ರ ರೈಲ್ವೆ ಕಾಯಿದೆಯ ಪ್ರಕಾರ ತಕ್ಕ ಕಾರಣವಿಲ್ಲದೆ ಎಳೆದವನಿಗೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ 1000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಹೀಗೆ ಬ್ರೇಕಿಗೆ ಎರಡು ಬಗೆಯ ದ್ರೋಹ ಸಾಧ್ಯವೆಂದಾಯಿತು: ಬೇಕಾದಾಗ ಬೀಳದೆ ಇರುವುದು ಒಂದು, ಬೇಡವಾದಾಗ ಬೀಳುವುದು ಇನ್ನೊಂದು. ರೈಲಿನಲ್ಲಿ ಎರಡನೆಯದರಿಂದ ಆಗುವ ನಷ್ಟ ಬಹುಮಟ್ಟಿಗೆ ಹೊತ್ತಿನದು. ಹಿಂದೆ ಬರುವ ಗಾಡಿಯನ್ನು ಸಿಗ್ನಲ್ಲು ತಡೆದು ನಿಲ್ಲಿಸಿರುತ್ತದೆ; ನಿಂತ ರೈಲು ಸುರಕ್ಷಿತವಾದ ರೈಲು. ಆದ್ದರಿಂದಲೇ ಅನುಮಾನ ಬಂದರೆ ನಿಲ್ಲು ಎಂಬ ನೀತಿ ಅಲ್ಲಿ ನಡೆಯಿತು.

ರಸ್ತೆಯಲ್ಲಿ ಈ ನೀತಿ ಹಾಗೆಯೇ ನಡೆಯುವುದಿಲ್ಲ. ಕಾರಿನ ಕಥೆ ಬೇರೆಯಾಗುವುದು ಇಲ್ಲಿಂದ. ಹೆದ್ದಾರಿಯಲ್ಲಿ ನೂರು ಕಿಲೋಮೀಟರು ವೇಗದಲ್ಲಿ ಹೋಗುವ ಕಾರು ಕಾರಣವಿಲ್ಲದೆ ಗಕ್ಕನೆ ನಿಂತರೆ, ಬೆನ್ನಿಗಂಟಿಕೊಂಡು ಬರುತ್ತಿರುವ ಲಾರಿಗೆ ಯಾವ ಸಿಗ್ನಲ್ಲೂ ಇಲ್ಲ. ರಸ್ತೆಯಲ್ಲಿ ನಿಂತ ಕಾರು ಸುರಕ್ಷಿತವಾದ ಕಾರಲ್ಲ. ಇಲ್ಲಿ ಯಂತ್ರ ಯಾವ ಮಗ್ಗುಲಿಗೆ ಬಿದ್ದರೂ ಪೆಟ್ಟೇ. ಕೆಟ್ಟರೆ ಒಳ್ಳೆಯ ಕಡೆಗೆ ಕೆಡಬೇಕೆಂದರೆ, ಒಳ್ಳೆಯ ಕಡೆ ಯಾವುದು ಎಂದೇ ಮೊದಲು ಹೇಳಲಾಗದು. ಕಾರಿನ ತುರ್ತು ಬ್ರೇಕಿನ ಇಡೀ ಇತಿಹಾಸ ಈ ಇಕ್ಕಟ್ಟಿನ ಇತಿಹಾಸ.

1959ರಲ್ಲಿ ಕ್ಯಾಡಿಲಾಕ್ ಕಂಪನಿ ಸೈಕ್ಲೋನ್ ಎಂಬ ಪ್ರದರ್ಶನದ ಕಾರೊಂದನ್ನು ಮಾಡಿತು. ಅದರ ಮೂತಿಯಲ್ಲಿ ಎರಡು ಚೂಪು ಗೋಪುರಗಳು, ಅವುಗಳೊಳಗೆ ರೇಡಾರು. ಮುಂದೆ ಏನಾದರೂ ಇದ್ದರೆ ಡ್ರೈವರಿಗೆ ಎಚ್ಚರಿಕೆ ಕೊಡುವುದು ಅದರ ಕೆಲಸ. ಜನ ಬೆರಗಾಗಿ ನೋಡಿದರು. ಮಾರಾಟಕ್ಕೆ ಅದು ಬರಲಿಲ್ಲ. ಆಮೇಲೆ ನಾಲ್ಕು ದಶಕ ಬೇಕಾಯಿತು. 2003ರಲ್ಲಿ ಜಪಾನಿನ ಹೋಂಡಾ ಕಂಪನಿ ತನ್ನ ಇನ್‌ಸ್ಪೈರ್ ಕಾರಿನಲ್ಲಿ ರೇಡಾರು ನೋಡಿ ತಾನೇ ಬ್ರೇಕು ಹಾಕುವ ಏರ್ಪಾಡನ್ನು ತಂದಿತು. ಅದರ ಹೆಸರಿನಲ್ಲೇ ವಿನಯವಿತ್ತು. ಡಿಕ್ಕಿಯನ್ನು ತಪ್ಪಿಸುತ್ತೇನೆ ಎಂದು ಅದು ಹೇಳಲಿಲ್ಲ. ಡಿಕ್ಕಿಯ ಪೆಟ್ಟನ್ನು ಕಡಿಮೆ ಮಾಡುತ್ತೇನೆ ಎಂದಿತು. 2008ರಲ್ಲಿ ಸ್ವೀಡನ್ನಿನ ವೋಲ್ವೋ ಕಂಪನಿಯ ಎಕ್ಸ್‌ಸಿ60 ಒಂದು ಹೆಜ್ಜೆ ಮುಂದೆ ಹೋಯಿತು. ಗಾಜಿನ ಹಿಂದಿನ ಲೇಸರ್ ಕಣ್ಣಿನಿಂದ ಅದು ಊರೊಳಗಿನ ನಿಧಾನದ ಓಡಾಟದಲ್ಲಿ, ಗಂಟೆಗೆ 30 ಕಿಲೋಮೀಟರಿನೊಳಗೆ, ಮುಂದಿನ ವಾಹನವನ್ನು ನೋಡುತ್ತಿತ್ತು. ಎರಡರ ವೇಗದ ಅಂತರ 15 ಕಿಲೋಮೀಟರಿನೊಳಗಿದ್ದರೆ ಡಿಕ್ಕಿಯನ್ನು ಪೂರ್ತಿಯಾಗಿಯೇ ತಪ್ಪಿಸಬಲ್ಲದಾಗಿತ್ತು. ಇಷ್ಟೇ ಎಂದು ಮೂಗು ಮುರಿಯಬಾರದು. ತನ್ನ ಎಲ್ಲೆಯನ್ನು ತಾನೇ ಹೇಳಿಕೊಳ್ಳುವ ಯಂತ್ರ ದೊಡ್ಡ ಯಂತ್ರವೇ.

ದೇವರಿಗೂ ಹಾಸ್ಯಪ್ರಜ್ಞೆ ಇರಬೇಕು. 2010ರಲ್ಲಿ ಅದೇ ಕಂಪನಿ ತನ್ನ ಹೊಸ ಎಸ್60 ಕಾರನ್ನು ಪತ್ರಕರ್ತರನ್ನು ಕರೆದು ತೋರಿಸಿತು. ಎಲ್ಲರ ಕ್ಯಾಮರಾಗಳ ಮುಂದೆ ಕಾರು ಓಡಿಬಂದು, ನಿಂತಿದ್ದ ಲಾರಿಯ ಹಿಂಭಾಗಕ್ಕೆ ನೇರವಾಗಿ ಗುದ್ದಿತು. ಬ್ಯಾಟರಿಯ ಜೋಡಣೆಯಲ್ಲಿ ತೊಂದರೆಯಾಗಿತ್ತೆಂದು ಕಂಪನಿ ಆಮೇಲೆ ಹೇಳಿತು. ಜನ ನಕ್ಕರು. ನಾನು ಆ ಸುದ್ದಿ ಓದಿದಾಗ ನೆನೆದದ್ದು ಅರ್ಮಾವನ್ನು. ಬ್ಯಾಟರಿಯ ಸಂಪರ್ಕ ತಪ್ಪಿದರೆ ಈ ಬ್ರೇಕು ಸುಮ್ಮನಿರುತ್ತದೆ. ಕೊಳವೆ ತಪ್ಪಿದರೆ ಹಳೆಯ ಬ್ರೇಕೂ ಸುಮ್ಮನಿರುತ್ತಿತ್ತು. ವೆಸ್ಟಿಂಗ್‌ಹೌಸ್ 1872ರಲ್ಲಿ ತಲೆಕೆಳಗು ಮಾಡಿದ ಲೆಕ್ಕವನ್ನು ಕಾರಿನವರು ಹಾಗೆಯೇ ಬಿಟ್ಟಿದ್ದಾರೆ. ಅದು ಅವರ ಸೋಮಾರಿತನವಲ್ಲ. ರಸ್ತೆಯಲ್ಲಿ ಅದನ್ನು ತಿರುಗಿಸಲು ಬರುವುದಿಲ್ಲ. ತಂತಿ ಸಡಿಲವಾದಾಗಲೆಲ್ಲ ಹೆದ್ದಾರಿಯ ನಡುವೆ ನಿಲ್ಲುವ ಕಾರನ್ನು ಯಾರು ಕೊಳ್ಳುತ್ತಾರೆ?

ಈ ಬ್ರೇಕಿಗೆ ಕಣ್ಣು ಎರಡು ತರದವು. ರೇಡಾರು ದೂರವನ್ನೂ ವೇಗವನ್ನೂ ಚೆನ್ನಾಗಿ ಅಳೆಯುತ್ತದೆ, ಆದರೆ ಎದುರಿಗಿರುವುದು ಏನೆಂದು ಅದಕ್ಕೆ ಅಷ್ಟಾಗಿ ತಿಳಿಯುವುದಿಲ್ಲ. ಕ್ಯಾಮರಾ ಏನೆಂದು ಗುರುತಿಸಬಲ್ಲದು, ಆದರೆ ಕತ್ತಲೆ, ಮಂಜು, ಎದುರು ಬಿಸಿಲು, ಗಾಜಿನ ಮೇಲಿನ ಕೆಸರು ಅದರ ಶತ್ರುಗಳು. ರೇಡಾರಿಗೆ ಇನ್ನೊಂದು ಕಷ್ಟವಿದೆ. ಹೆದ್ದಾರಿಯಲ್ಲಿ ಮೇಲುಸೇತುವೆ, ಬೋರ್ಡು, ಕಬ್ಬಿಣದ ತಡೆಗಂಬಿ, ನೆಲದ ಮೇಲಿನ ಲೋಹದ ಮುಚ್ಚಳ ಎಲ್ಲವೂ ನಿಂತ ವಸ್ತುಗಳೇ. ಕಾರಿನತ್ತ ಅವೆಲ್ಲ ಒಂದೇ ವೇಗದಲ್ಲಿ ಬರುತ್ತಿರುವಂತೆ ಅದಕ್ಕೆ ಕಾಣುತ್ತವೆ. ಪ್ರತಿಯೊಂದಕ್ಕೂ ಬ್ರೇಕು ಹಾಕಿದರೆ ಕಾರು ಮುಂದೆ ಹೋದಂತೆಯೇ. ಆದ್ದರಿಂದ ಮೊದಮೊದಲಿನ ಏರ್ಪಾಡುಗಳಲ್ಲಿ ಹೆಚ್ಚಿನ ವೇಗದಲ್ಲಿ ನಿಂತ ವಸ್ತುಗಳನ್ನು ಬಹುಮಟ್ಟಿಗೆ ಗಣನೆಗೆ ತೆಗೆದುಕೊಳ್ಳುತ್ತಿರಲಿಲ್ಲ. ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಯೂ ನಿಂತ ವಸ್ತುವೇ ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದಾಗಿ ಅದು ಕೊನೆಯ ಗಳಿಗೆಯವರೆಗೆ ಕಾಯುತ್ತದೆ. ಗಂಟೆಗೆ 60 ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು 17 ಮೀಟರು. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಮನುಷ್ಯನಿಗೆ ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲೇ 25 ಮೀಟರು ಕಳೆದಿರುತ್ತದೆ. ಒಣ ಡಾಂಬರಿನ ಮೇಲೆ ಗಟ್ಟಿಯಾಗಿ ಬ್ರೇಕು ಒತ್ತಿ ನಿಲ್ಲಲು ಇನ್ನೂ ಸುಮಾರು 20 ಮೀಟರು ಬೇಕು. ಯಂತ್ರ ಆ ಮೊದಲಿನ 25 ಮೀಟರಿನ ಬಹುಪಾಲನ್ನು ಉಳಿಸಿಕೊಡಬಲ್ಲದು. ಉಳಿದ 20 ಮೀಟರು ಟೈರಿನದು, ರಸ್ತೆಯದು. ಮಳೆ ಬಂದರೆ ಇನ್ನಷ್ಟು ಬೇಕು. ಆದರೆ ಯಂತ್ರ ಬೇಗ ಬ್ರೇಕು ಹಾಕುವಂತಿಲ್ಲ. ಡ್ರೈವರು ಪಕ್ಕಕ್ಕೆ ತಿರುಗಿಸುವವನಿದ್ದರೋ? ಮುಂದಿನವನು ಎಡಕ್ಕೆ ಹೊರಳುವವನಿದ್ದರೋ? ಹೀಗೆ ಅನುಮಾನಿಸುತ್ತ ಅದು ಕಾಯುತ್ತದೆ. ಕಾದದ್ದು ಹೆಚ್ಚಾದರೆ ಡಿಕ್ಕಿ, ಕಡಿಮೆಯಾದರೆ ಸುಳ್ಳು ಬ್ರೇಕು.

ಸುಳ್ಳು ಬ್ರೇಕಿನ ಫಲವನ್ನು ನಾನು ಮನೆಯವರಲ್ಲೇ ಕಂಡಿದ್ದೇನೆ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಇಂಥದೊಂದು ಕಾರು ಕೊಂಡಿದ್ದ. ತುಮಕೂರು ರಸ್ತೆಯಲ್ಲಿ ಅವನ ಜೊತೆ ಬರುತ್ತಿದ್ದಾಗ ಅವನು ಕಾರು ಹತ್ತಿದ ಕೂಡಲೇ ಮುಂದಿನ ಪರದೆಯ ಮೇಲೆ ಏನನ್ನೋ ಒತ್ತಿದ್ದನ್ನು ನೋಡಿ ಕೇಳಿದೆ.

"ಅದೇನೋ ಅದು, ಹೊರಡೋ ಮೊದಲು ಗಣಪತಿಗೆ ಕೈ ಮುಗಿದ ಹಾಗೆ?"

"ಎಮರ್ಜೆನ್ಸಿ ಬ್ರೇಕು ಆಫ್ ಮಾಡಿದೆ ಮಾವ. ಹತ್ತಿದ ತಕ್ಷಣ ಆಫ್ ಮಾಡೋದು ಅಭ್ಯಾಸ ಆಗ್ಬಿಟ್ಟಿದೆ."

"ಅದಕ್ಕೇ ಅಲ್ವೇನೋ ಅಷ್ಟು ದುಡ್ಡು ಕೊಟ್ಟದ್ದು?"

"ಹೌದು ಮಾವ. ಆದ್ರೆ ಮೊನ್ನೆ ಒಬ್ಬ ಆಟೋದವನು ಪಕ್ಕದಿಂದ ನುಗ್ಗಿದ. ನಾನು ನೋಡೇ ಇದ್ದೆ, ಅವನು ಹೋಗ್ತಾನೆ ಅಂತ ನಂಗೆ ಗೊತ್ತಿತ್ತು. ಇದಕ್ಕೆ ಗೊತ್ತಾಗ್ಲಿಲ್ಲ. ಧಡಾರ್ ಅಂತ ನಿಲ್ಲಿಸ್ಬಿಡ್ತು. ಹಿಂದಿನ ಬಸ್ಸು ಒಂದು ಗೇಣು ಬಿಟ್ಟು ನಿಂತಿದೆ. ಇದು ಪುಕ್ಕಲು, ನಮ್ಮ ರಸ್ತೆಗೆ ಆಗ್ಬರಲ್ಲ."

ಅವನ ಮಾತನ್ನು ನಾನು ತಳ್ಳಿಹಾಕಲಿಲ್ಲ. ಹುಲಿ ಬಂತು ಹುಲಿ ಎಂದು ಕೂಗಿದ ಹುಡುಗನ ಕಥೆಯನ್ನು ನಾವೆಲ್ಲ ಓದಿದವರೇ. ಆ ಕಥೆಯಲ್ಲಿ ಹುಡುಗನ ತಪ್ಪು ಹೇಳುತ್ತಾರೆ. ಆದರೆ ಕೊನೆಗೆ ಹುಲಿ ಬಂದದ್ದೂ ನಿಜವಷ್ಟೆ. ಬೇಡದ ಬ್ರೇಕು ಒಂದು ಕ್ಷಣದ ಕಿರಿಕಿರಿಗೆ ಮುಗಿಯುವುದಿಲ್ಲ. ಅದು ಡ್ರೈವರಿನ ವಿಶ್ವಾಸವನ್ನು ತಿಂದು, ಅವನ ಬೆರಳನ್ನು ಆಫ್ ಮಾಡುವ ಗುಂಡಿಯ ಕಡೆಗೆ ಕೊಂಡೊಯ್ಯುತ್ತದೆ. ಇದು ನಮ್ಮ ರಸ್ತೆಗಳದ್ದೊಂದೇ ದೂರೂ ಅಲ್ಲ. 2022ರ ಫೆಬ್ರವರಿಯಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷಾ ಇಲಾಖೆ ಹೋಂಡಾದ ಅಕಾರ್ಡ್ ಮತ್ತು ಸಿಆರ್-ವಿ ಮಾದರಿಯ ಸುಮಾರು 17 ಲಕ್ಷ ಕಾರುಗಳ ಬಗ್ಗೆ ವಿಚಾರಣೆ ಆರಂಭಿಸಿತು. ಎದುರಿಗೆ ಏನೂ ಇಲ್ಲದಾಗ ಬ್ರೇಕು ಬಿತ್ತೆಂದು ಬಂದ ದೂರುಗಳು 278.

ಸುಳ್ಳು ಬ್ರೇಕಿನ ಭಯ ಎಲ್ಲಿಗೆ ಕೊಂಡೊಯ್ಯಬಹುದು ಎಂಬುದನ್ನು 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪೆ ನಗರ ಕಂಡಿತು. ಊಬರ್ ಕಂಪನಿ ತಾನಾಗಿ ಓಡುವ ಕಾರನ್ನು ರಸ್ತೆಯಲ್ಲಿ ಪರೀಕ್ಷಿಸುತ್ತಿತ್ತು. ಬಂಡಿ ವೋಲ್ವೋದ ಎಕ್ಸ್‌ಸಿ90. ಅದಕ್ಕೆ ಕಾರ್ಖಾನೆಯಿಂದಲೇ ಬಂದ ತುರ್ತು ಬ್ರೇಕಿತ್ತು. ಎರಡು ಏರ್ಪಾಡುಗಳು ಜಗಳಾಡಬಾರದೆಂದು, ಗಣಕ ಓಡಿಸುವಾಗ ಕಾರ್ಖಾನೆಯ ಬ್ರೇಕು ಕೆಲಸ ಮಾಡದಂತೆ ಮಾಡಿದ್ದರು. ಕಾರಣವಿಲ್ಲದೆ ಬ್ರೇಕು ಬಿದ್ದು ಓಟ ಒರಟಾಗದಿರಲೆಂದು ತಮ್ಮ ಗಣಕದ ತುರ್ತು ಬ್ರೇಕನ್ನೂ ತಡೆದಿಟ್ಟಿದ್ದರು. ಒಬ್ಬ ಮಹಿಳೆ ಸೈಕಲ್ಲು ತಳ್ಳಿಕೊಂಡು ರಸ್ತೆ ದಾಟುತ್ತಿದ್ದಳು. ಡಿಕ್ಕಿಗೆ 5.6 ಸೆಕೆಂಡು ಮೊದಲೇ ಯಂತ್ರಕ್ಕೆ ಅವಳು ಕಂಡಿದ್ದಳು. ಆದರೆ ಒಮ್ಮೆ ಅದು ವಾಹನವೆಂದುಕೊಂಡಿತು, ಒಮ್ಮೆ ಬೇರೇನೋ ಎಂದುಕೊಂಡಿತು, ಒಮ್ಮೆ ಸೈಕಲ್ಲು ಎಂದಿತು. ಜೀಬ್ರಾ ಪಟ್ಟಿ ಇಲ್ಲದ ಕಡೆ ಮನುಷ್ಯರು ರಸ್ತೆ ದಾಟಬಹುದೆಂಬ ಎಣಿಕೆಯೇ ಅದರಲ್ಲಿರಲಿಲ್ಲವೆಂದು ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿಯ ತನಿಖೆ ಹೇಳಿತು. ಕಾವಲಿಗೆ ಕುಳಿತ ಡ್ರೈವರಿನ ಕಣ್ಣು ಫೋನಿನ ಮೇಲಿತ್ತು. ಆ ಹೆಂಗಸು ಸತ್ತಳು.

ಈ ವರದಿಯ ವಿಷಯ ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಆ ಒಂದು ರಸ್ತೆಯಲ್ಲಿ ಎರಡು ಬ್ರೇಕುಗಳಿದ್ದವು. ಎರಡನ್ನೂ ಮನುಷ್ಯರು ಯೋಚಿಸಿಯೇ ಸುಮ್ಮನಿರಿಸಿದ್ದರು. ನನ್ನ ಸೋದರಳಿಯ ಪರದೆ ಒತ್ತಿದ್ದಕ್ಕೂ ಆ ಎಂಜಿನಿಯರುಗಳು ಬ್ರೇಕು ತಡೆದದ್ದಕ್ಕೂ ಕಾರಣ ಒಂದೇ. ಸುಮ್ಮಸುಮ್ಮನೆ ನಿಲ್ಲಬಾರದು.

ಹಾಗಾದರೆ ಈ ಬ್ರೇಕು ಕೆಲಸಕ್ಕೆ ಬಾರದ್ದೇ ಎಂದು ಕೇಳಿದರೆ, ಲೆಕ್ಕ ಬೇರೆ ಹೇಳುತ್ತದೆ. ಅಮೆರಿಕದ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷಾ ಸಂಸ್ಥೆ ಪೊಲೀಸರಲ್ಲಿ ದಾಖಲಾದ ಅಪಘಾತಗಳನ್ನು ಹೋಲಿಸಿ ನೋಡಿತು. ಈ ಬ್ರೇಕಿರುವ ಕಾರುಗಳು ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವುದು ಅರ್ಧದಷ್ಟು ಕಡಿಮೆ. ಇಂಥ ಲಾಭವನ್ನು ಕೊಟ್ಟ ಸಾಧನಗಳು ಕಾರಿನ ಇತಿಹಾಸದಲ್ಲಿ ಹೆಚ್ಚಿಲ್ಲ. ಅದೇ ಸಂಸ್ಥೆ 2022ರಲ್ಲಿ ಪಾದಚಾರಿಗಳ ಲೆಕ್ಕ ತೆಗೆಯಿತು. ಮನುಷ್ಯರನ್ನು ಗುರುತಿಸುವ ಬ್ರೇಕಿದ್ದ ಕಾರುಗಳಲ್ಲಿ ಪಾದಚಾರಿಗಳಿಗೆ ಆಗುವ ಅಪಘಾತ ಶೇಕಡಾ 27ರಷ್ಟು ಕಡಿಮೆ ಎಂದು ಕಂಡಿತು. ಆದರೆ ಬೀದಿದೀಪವಿಲ್ಲದ ಕತ್ತಲೆಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅದಕ್ಕೆ ಮೊದಲು, 2019ರಲ್ಲಿ, ಅಲ್ಲಿನ ಮೋಟಾರು ಸಂಘವಾದ ಎಎಎ ನಾಲ್ಕು ಕಾರುಗಳನ್ನು ಗೊಂಬೆಗಳ ಮುಂದೆ ಓಡಿಸಿತ್ತು. ಹಗಲಿನಲ್ಲಿ, ಗಂಟೆಗೆ 32 ಕಿಲೋಮೀಟರಿನ ಮೆಲ್ಲನೆಯ ಓಟದಲ್ಲೂ, ರಸ್ತೆ ದಾಟುವ ದೊಡ್ಡವರ ಗೊಂಬೆಯನ್ನು ಅವು ಉಳಿಸಿದ್ದು ನೂರಕ್ಕೆ 40 ಸಲ. ನಿಂತ ಕಾರುಗಳ ನಡುವಿನಿಂದ ಓಡಿಬಂದ ಮಗುವಿನ ಗೊಂಬೆಗೆ ನೂರಕ್ಕೆ 89 ಸಲ ಗುದ್ದಿದವು. ರಾತ್ರಿಯಲ್ಲಿ ಅವುಗಳಿಂದ ಏನೂ ಪ್ರಯೋಜನವಾಗಲಿಲ್ಲ.

ಇಂಥ ಪರೀಕ್ಷೆಗಳಿಂದಲೇ ಸುಧಾರಣೆಯೂ ಬಂದಿತು. ಯೂರೋಪಿನಲ್ಲಿ ಕಾರುಗಳಿಗೆ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ 2014ರಿಂದ ಈ ಬ್ರೇಕಿಗೆ ಅಂಕ ಕೊಟ್ಟಿತು. 2016ರಿಂದ ಪಾದಚಾರಿಗಳಿಗಾಗಿ, 2018ರಿಂದ ಸೈಕಲ್ಲಿನವರಿಗಾಗಿ ಪರೀಕ್ಷೆ ಸೇರಿಸಿತು. 2024ರ ಜುಲೈಯಿಂದ ಯೂರೋಪಿಯನ್ ಒಕ್ಕೂಟದಲ್ಲಿ ಮಾರಾಟವಾಗುವ ಪ್ರತಿ ಹೊಸ ಕಾರಿಗೂ ಮುಂದಿನ ವಾಹನಕ್ಕೆ ಗುದ್ದದಂತೆ ತಡೆಯುವ ಬ್ರೇಕು ಕಡ್ಡಾಯವಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಅಮೆರಿಕ ಹೊರಡಿಸಿದ ನಿಯಮ ಪಾದಚಾರಿಗಳನ್ನು ಹಗಲಿನಲ್ಲೂ ಕತ್ತಲೆಯಲ್ಲೂ ಗುರುತಿಸಬೇಕೆಂದಿತು. ಅದು ಹಾಕಿದ ಗಡುವು 2029ರ ಸೆಪ್ಟೆಂಬರು. ಕತ್ತಲೆಯಲ್ಲೂ ಎಂಬ ಆ ಒಂದು ಮಾತಿಗಾಗಿ ಎಷ್ಟು ಗೊಂಬೆಗಳೂ ಎಷ್ಟು ಮನುಷ್ಯರೂ ಬೀಳಬೇಕಾಯಿತೋ.

ನಮ್ಮಲ್ಲಿಯ ಮಾತಿಗೆ ಬರೋಣ. ಈಚಿನ ವರ್ಷಗಳಲ್ಲಿ ನಮ್ಮ ದೇಶದ ಕಾರುಗಳಲ್ಲೂ ಈ ಬ್ರೇಕು ಕಾಣಿಸಿಕೊಂಡಿದೆ. 2023ರ ಅಕ್ಟೋಬರಿನಲ್ಲಿ ನಮ್ಮದೇ ಭಾರತ್ ಎನ್‌ಕ್ಯಾಪ್ ಶುರುವಾದಾಗ ಅದರ ನಕ್ಷತ್ರಗಳ ಲೆಕ್ಕದಲ್ಲಿ ಇದಕ್ಕೆ ಜಾಗವಿರಲಿಲ್ಲ. ಇನ್ನೊಂದು ಲೆಕ್ಕ ನೋಡಿ. 2022ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಹೇಳುತ್ತದೆ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು; 32,825 ಮಂದಿ ನಡೆದುಹೋಗುತ್ತಿದ್ದವರು. ಎರಡೂ ಕೂಡಿಸಿದರೆ ಮೂರರಲ್ಲಿ ಎರಡು ಪಾಲು ಹತ್ತಿರ ಹತ್ತಿರ. ಅಂದರೆ ಈ ಬ್ರೇಕು ನಮ್ಮಲ್ಲಿ ಉಳಿಸಬೇಕಾದದ್ದು ಕಾರು ಕೊಂಡವನನ್ನು ಅಷ್ಟಾಗಿ ಅಲ್ಲ. ಹಿಂದಿನ ದೀಪವಿಲ್ಲದ ಲೂನಾವನ್ನು, ಹುಲ್ಲಿನ ಹೊರೆ ಹೊತ್ತು ರಸ್ತೆಯಂಚಿನಲ್ಲಿ ಬರುವ ಹೆಂಗಸನ್ನು, ಸಂಜೆ ಟ್ಯೂಷನ್ ಮುಗಿಸಿ ಬರುವ ಹುಡುಗರನ್ನು. ಬೀದಿದೀಪವಿಲ್ಲದ ಕತ್ತಲೆಯೇ ನಮ್ಮ ಹೆದ್ದಾರಿಗಳ ಬಹುಪಾಲು. ಜೀಬ್ರಾ ಪಟ್ಟಿ ಇಲ್ಲದ ಕಡೆ ರಸ್ತೆ ದಾಟುವುದು ಇಲ್ಲಿ ಅಪವಾದವಲ್ಲ, ನಿತ್ಯದ ನಡೆ. ಹೊರೆ ಹೊತ್ತ ಹೆಂಗಸು ದೂರದಿಂದ ಮನುಷ್ಯಳಂತೆ ಕಾಣುವುದೇ ಇಲ್ಲ; ನಡೆಯುತ್ತಿರುವ ಬಣವೆಯಂತೆ ಕಾಣುತ್ತಾಳೆ. ಟೆಂಪೆಯ ಯಂತ್ರಕ್ಕೆ ಆದ ಗೊಂದಲ ಇಲ್ಲಿ ಪ್ರತಿ ಸಂಜೆ ಆಗಬಹುದಾದದ್ದು.

ರೈಲಿನವರು ಮಾತ್ರ ತಮ್ಮ ಹಳೆಯ ನೀತಿಯನ್ನು ಬಿಟ್ಟಿಲ್ಲ. ಕವಚ ಎಂಬ ನಮ್ಮದೇ ಏರ್ಪಾಡಿನ ಆರಂಭದ ಪರೀಕ್ಷೆಗಳು ನಡೆದದ್ದು ವಿಕಾರಾಬಾದಿನಿಂದ ನಮ್ಮ ವಾಡಿ ಮತ್ತು ಬೀದರಿನ ಕಡೆಗೆ ಬರುವ ದಾರಿಗಳಲ್ಲಿ. ಡ್ರೈವರು ಕೆಂಪು ದೀಪ ದಾಟಲು ಹೊರಟರೆ ಅದು ತಾನೇ ಬ್ರೇಕು ಹಾಕುತ್ತದೆ. 2022ರ ಮಾರ್ಚಿನಲ್ಲಿ ಇದೇ ಸೀಮೆಯಲ್ಲಿ ರೈಲ್ವೆ ಸಚಿವರು ಕುಳಿತ ಎಂಜಿನ್ನನ್ನು ಎದುರಿನ ಎಂಜಿನ್ನಿನಿಂದ 380 ಮೀಟರು ಈಚೆಗೇ ಅದು ನಿಲ್ಲಿಸಿತು. ರೈಲಿಗೆ ಕಂಬಿಯಿದೆ, ಸಿಗ್ನಲ್ಲಿದೆ, ಎದುರಿಗೆ ಯಾರಿರಬಹುದೆಂದು ಮೊದಲೇ ಗೊತ್ತಿದೆ. ಹಾಗಾಗಿ 380 ಮೀಟರಿನ ಧಾರಾಳ ಅದಕ್ಕೆ ಸಾಧ್ಯ. ಕಾರಿನ ಬ್ರೇಕಿಗೆ ಇಪ್ಪತ್ತು ಮೀಟರಿನ ಬಡತನದಲ್ಲಿ ಬಾಳಬೇಕಾಗಿದೆ.

ಇದನ್ನು ನಂಬಬಹುದೇ ಎಂದು ಕೇಳಿದವರಿಗೆ ನಾನೀಗ ಕೊಡುವ ಉತ್ತರ ಹೀಗೆ. ರೈಲಿನ ಬ್ರೇಕನ್ನು ನಂಬಿದಂತೆ ಇದನ್ನು ನಂಬಬೇಡಿ. ಅದು ಕೆಟ್ಟರೂ ಕಾಯುವ ಬ್ರೇಕು, ಇದು ಕೆಟ್ಟರೆ ಸುಮ್ಮನಿರುವ ಬ್ರೇಕು. ಆದರೆ ಇದನ್ನು ಆಫ್ ಮಾಡಲೂ ಬೇಡಿ. ಹತ್ತು ಸಲ ಕಿರಿಕಿರಿ ಮಾಡಿ ಹನ್ನೊಂದನೆಯ ಸಲ ಒಂದು ಜೀವ ಉಳಿಸಿದರೆ ಆ ಹತ್ತು ಸಲದ ಬಾಕಿ ತೀರಿತು. ಮುಂದಿನ ವಾಹನದಿಂದ ಸ್ವಲ್ಪ ಹೆಚ್ಚು ದೂರ ಬಿಟ್ಟು ಓಡಿಸಿದರೆ ಸುಳ್ಳು ಬ್ರೇಕೂ ಕಡಿಮೆಯಾಗುತ್ತದೆ. ಕಿರುಚುವ ಯಂತ್ರ ಎಷ್ಟೋ ಸಲ ನಾವು ಅಂಟಿಕೊಂಡು ಹೋಗುತ್ತಿರುವುದನ್ನೇ ಹೇಳುತ್ತಿರುತ್ತದೆ. ನನ್ನ ಸೋದರಳಿಯನಿಗೆ ಇಷ್ಟನ್ನೂ ಹೇಳಿದೆ. ಅವನು "ನೋಡೋಣ ಮಾವ" ಎಂದ. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದು ಅರ್ಥ. ಅವನನ್ನು ಮಾತಿನಿಂದ ಒಪ್ಪಿಸುವುದಕ್ಕಿಂತ, ನಮ್ಮ ಆಟೋಗಳನ್ನೂ ನಮ್ಮ ಹಸುಗಳನ್ನೂ ನಮ್ಮ ಕತ್ತಲೆಯನ್ನೂ ಬಲ್ಲ ಬ್ರೇಕೊಂದನ್ನು ಮಾಡಿಸುವುದೇ ಸುಲಭವೇನೋ. ಅದಕ್ಕೆ ಬೇಕಾದ ಪರೀಕ್ಷೆ ನಮ್ಮ ರಸ್ತೆಯಲ್ಲೇ, ರಾತ್ರಿಯಲ್ಲೇ ಆಗಬೇಕು.

ಅರ್ಮಾದ ಎಂಬತ್ತು ಮಂದಿ ಸತ್ತ ಮೇಲೆ ಪಾರ್ಲಿಮೆಂಟಿಗೆ ಎಚ್ಚರವಾದದ್ದು ಅವರೆಲ್ಲ ಟಿಕೆಟ್ಟು ಕೊಂಡು ರೈಲಿನೊಳಗೆ ಕುಳಿತವರು ಎಂಬ ಕಾರಣಕ್ಕೂ ಇರಬಹುದು. ಕಾರಿನ ಬ್ರೇಕಿಗೆ ಹಣ ಕೊಡುವವನು ಒಳಗೆ ಕುಳಿತವನು. ಅದು ಬೇಕಾಗಿರುವುದು ಹೊರಗೆ ನಡೆಯುವವಳಿಗೆ. ಆ ಕಾರನ್ನು ಅವಳು ಎಂದೂ ಕೊಳ್ಳುವುದಿಲ್ಲ, ಅದರ ಜಾಹೀರಾತನ್ನು ಓದಿರುವುದಿಲ್ಲ, ಪರದೆಯ ಮೇಲೆ ಆಫ್ ಎಂದು ಒತ್ತಿದ್ದೂ ಅವಳಿಗೆ ತಿಳಿಯುವುದಿಲ್ಲ. ಹೊರೆಯ ಕೆಳಗಿನಿಂದ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ನೋಡಿ, ದೂರದಲ್ಲಿ ಬರುವ ಎರಡು ದೀಪಗಳನ್ನು ಅಂದಾಜು ಮಾಡಿ, ಅವಳು ರಸ್ತೆಗೆ ಕಾಲಿಡುತ್ತಾಳೆ.